ಲಿನಕ್ಸ್‌ನಲ್ಲಿ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಕೈಕೊಟ್ಟಾಗ: ಮೊದಲು ಲಾಗ್ ಓದಿ, ಫಾರ್ಮ್ಯಾಟ್ ಕೊನೆಗಿರಲಿ

ದೊಡ್ಡ ಫೋಲ್ಡರ್ ಒಂದನ್ನು ಕಾಪಿಗೆ ಹಾಕಿರುತ್ತೀರಿ, ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ‘ಇನ್‌ಪುಟ್/ಔಟ್‌ಪುಟ್ ಎರರ್’ ಅನ್ನುತ್ತದೆ. ಇಲ್ಲವೇ ನಿನ್ನೆವರೆಗೂ ಚೆನ್ನಾಗಿದ್ದ ಡ್ರೈವ್ ಇವತ್ತು ‘ರೀಡ್ ಓನ್ಲಿ’ ಎಂದು ಹಟ ಹಿಡಿಯುತ್ತದೆ. ಕೆಲವು ಸಲ ಫೈಲ್ ಮ್ಯಾನೇಜರಿನಿಂದ ಮಾಯವಾಗಿ, ಲಿನಕ್ಸ್ ಕೊಟ್ಟ ಹೆಸರು ಎಸ್‌ಡಿಬಿ ಆಗಿದ್ದದ್ದು ಮರುಕ್ಷಣ ಎಸ್‌ಡಿಸಿ ಆಗಿ ಬಂದು ಕೂರುತ್ತದೆ. ಮೈಸೂರು, ಮಂಡ್ಯ ಕಡೆಯ ಫೋಟೊ ಸ್ಟುಡಿಯೋದವರು, ಡಿಟಿಪಿಯವರು, ಪಿಎಚ್‌ಡಿ ಮಾಡುವ ಹುಡುಗರು ಇಂಥ ಡ್ರೈವ್ ತಂದಾಗ ಹೇಳುವುದು ಒಂದೇ ಮಾತು: “ಎಸ್‌ಎಸ್‌ಡಿ ಹೋಯ್ತು.” ಬಿಚ್ಚಿ ನೋಡಿದರೆ, ಹೋಗಿರುವುದು ಎಸ್‌ಎಸ್‌ಡಿ ಅಲ್ಲದಿರುವುದೇ ಜಾಸ್ತಿ.

ಕಂಪ್ಯೂಟರಿಗೂ ಒಳಗಿನ ಫ್ಲ್ಯಾಶ್ ಚಿಪ್ಪಿಗೂ ನಡುವೆ ಬಹಳ ಜನ ಇದ್ದಾರೆ: ಪೋರ್ಟ್, ಕೇಬಲ್, ಡಬ್ಬಿಯೊಳಗೆ ಯುಎಸ್‌ಬಿ ಮಾತನ್ನು ಎಸ್‌ಎಸ್‌ಡಿಯ ಭಾಷೆಗೆ ತಿರುಗಿಸುವ ಬ್ರಿಡ್ಜ್ ಚಿಪ್, ಅದಕ್ಕೆ ಸಿಗುವ ಕರೆಂಟು. ಯಾರೊಬ್ಬರು ಕೈಕೊಟ್ಟರೂ ಪರದೆಯ ಮೇಲೆ ಕಾಣುವ ಎರರ್ ಒಂದೇ. ಹಾಗಾಗಿ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇಷ್ಟು: ಕೊಂಡಿ ಗಟ್ಟಿಯಾಗಿದೆ ಎಂದು ಖಾತ್ರಿಯಾಗುವ ತನಕ ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್, ಅಂದರೆ ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯನ್ನು ರಿಪೇರಿ ಮಾಡುವ ಆಜ್ಞೆ) ಓಡಿಸಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಅಲ್ಲಾಡುವ ಕೇಬಲ್ ಮೇಲೆ ರಿಪೇರಿ ಶುರುಮಾಡಿದರೆ, ಅರ್ಧ ಬರೆದು ಅರ್ಧ ಬಿಟ್ಟ ರಿಪೇರಿಯೇ ಇದ್ದ ಫೈಲುಗಳನ್ನು ಹಾಳುಮಾಡುತ್ತದೆ.

ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವೇ ಅಕ್ಷರಗಳನ್ನು ಇಂಗ್ಲಿಷ್ ಕೀಲಿಗಳಲ್ಲಿ ಒತ್ತಿಕೊಳ್ಳಿ.

ಲಾಗ್‌ನಲ್ಲಿ ಏನು ಓದಬೇಕು

ಡ್ರೈವ್ ತೆಗೆದಿಡಿ. ಟರ್ಮಿನಲ್ ತೆರೆದು ‘ಸುಡೊ ಡಿಎಂಇಎಸ್‌ಜಿ -ಡಬ್ಲ್ಯೂ’ ಕೊಡಿ (ಡಬ್ಲ್ಯೂ ಸಣ್ಣಕ್ಷರ). ಕರ್ನಲ್ (ಲಿನಕ್ಸ್‌ನ ತಿರುಳು) ಹೇಳುವುದೆಲ್ಲ ಆಗಿಂದಾಗಲೇ ಇಲ್ಲಿ ಸಾಲಾಗಿ ಬೀಳುತ್ತದೆ. ಈಗ ಡ್ರೈವ್ ಚುಚ್ಚಿ, ಕೈಕೊಡುವ ಕೆಲಸವನ್ನೇ ಮತ್ತೆ ಮಾಡಿ. ಆದರೆ ಡ್ರೈವ್ ಮೇಲೆ ಏನನ್ನೂ ಬರೆಯದೆ, ಅದರಿಂದ ಓದುವ ಕೆಲಸ ಮಾತ್ರ. ಯಂತ್ರ ಹ್ಯಾಂಗ್ ಆಗಿ ರೀಸ್ಟಾರ್ಟ್ ಮಾಡಿದ್ದರೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಎಂದರೆ ಹಿಂದಿನ ಸಲದ ಕರ್ನಲ್ ಲಾಗ್ ಸಿಗುತ್ತದೆ. ಜರ್ನಲ್ ಡಿಸ್ಕಿನಲ್ಲಿ ಉಳಿಯುವಂತೆ ವ್ಯವಸ್ಥೆಯಿರಬೇಕು ಅಷ್ಟೆ.

ಕೊಂಡಿಯ ತೊಂದರೆಯಾದರೆ ಸಾಲುಗಳ ಬಗೆಯೇ ಬೇರೆ. ‘ರೀಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್’ ಎಂಬುದು ಮತ್ತೆ ಮತ್ತೆ ಬರುತ್ತದೆ. ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71’ ಎಂದಿದ್ದರೆ ಯುಎಸ್‌ಬಿ ಸಂಭಾಷಣೆಯೇ ಕೆಟ್ಟು ಬರುತ್ತಿದೆ ಎಂದರ್ಥ. ನಾನು ಮೊದಲು ಕೇಬಲ್ ಮೇಲೆ, ಪೋರ್ಟ್ ಮೇಲೆ ಕಣ್ಣಿಡುತ್ತೇನೆ. -110 ಬಂದರೆ ಕೇಳಿದ್ದಕ್ಕೆ ಡ್ರೈವ್ ಹೊತ್ತಿಗೆ ಸರಿಯಾಗಿ ಉತ್ತರ ಕೊಟ್ಟಿಲ್ಲ, ಕಾದು ಕಾದು ಕರ್ನಲ್ ಕೈಬಿಟ್ಟಿದೆ. ‘ಓವರ್ ಕರೆಂಟ್’ ಎಂದಿದ್ದರೆ ವಿದ್ಯುತ್ತಿನ ಕಡೆ ನೋಡಿ. ‘ಯುಎಎಸ್_ಇಎಚ್_ಅಬಾರ್ಟ್_ಹ್ಯಾಂಡ್ಲರ್’ ಕಂಡರೆ ಮುಂದೆ ಹೇಳುವ ಬ್ರಿಡ್ಜ್ ಚಿಪ್ಪಿನ ಕಥೆ.

ಇನ್ನು ‘ಐ/ಒ ಎರರ್, ಡೆವ್ ಎಸ್‌ಡಿಬಿ, ಸೆಕ್ಟರ್’ ಎಂಬ ಸಾಲು. ಇದನ್ನು ನೋಡಿದ ತಕ್ಷಣ ಎಲ್ಲರೂ ಎದೆ ಒಡೆದುಕೊಳ್ಳುತ್ತಾರೆ. ಇದೊಂದೇ ಸಾಲಿನಿಂದ ಏನೂ ಹೇಳಲಾಗದು, ಅದರ ಮೇಲಿನ ಸಾಲುಗಳನ್ನು ಓದಬೇಕು. ಅಲ್ಲಿ ‘ಹೋಸ್ಟ್‌ಬೈಟ್’ ಎಂಬುದರ ಮುಂದೆ ಡಿಐಡಿ_ಎರರ್, ಡಿಐಡಿ_ಟೈಮ್_ಔಟ್, ಡಿಐಡಿ_ನೋ_ಕನೆಕ್ಟ್ ಎಂದಿದ್ದರೆ ಡ್ರೈವಿನವರೆಗೆ ಮಾತು ತಲುಪಿಯೇ ಇಲ್ಲ, ಅಥವಾ ತಲುಪಿ ಉತ್ತರ ವಾಪಸು ಬಂದಿಲ್ಲ. ‘ಸೆನ್ಸ್ ಕೀ: ಮೀಡಿಯಂ ಎರರ್’, ಅದರ ಜೊತೆಗೆ ‘ಅನ್‌ರಿಕವರ್ಡ್ ರೀಡ್ ಎರರ್’ ಎಂದಿದ್ದರೆ ಮಾತ್ರ ಡ್ರೈವ್ ತಾನೇ ಬಾಯಿಬಿಟ್ಟು “ಇಲ್ಲಿದ್ದದ್ದು ನನಗೆ ಓದಲಾಗುತ್ತಿಲ್ಲ” ಎನ್ನುತ್ತಿದೆ.

ಸೆಕ್ಟರ್ ಸಂಖ್ಯೆಯೂ ಸುಳಿವು ಕೊಡುತ್ತದೆ. ಅದೇ ಫೈಲನ್ನು ಮತ್ತೆ ಓದಿಸಿ. ಪ್ರತಿ ಸಲ ಅದೇ ಸೆಕ್ಟರಿನಲ್ಲಿ ಸಿಕ್ಕಿಹಾಕಿಕೊಂಡರೆ ಫ್ಲ್ಯಾಶ್ ಮೇಲೆ ಅನುಮಾನ. ಒಂದು ಸಲ ಅಲ್ಲಿ, ಇನ್ನೊಂದು ಸಲ ಇಲ್ಲಿ ಎಂದು ಜಾಗ ಬದಲಾಗುತ್ತಿದ್ದರೆ ಕೇಬಲ್, ಕರೆಂಟು, ಬ್ರಿಡ್ಜ್ ಈ ಮೂರರಲ್ಲಿ ಒಂದು. ಈ ಒಂದು ಗುರುತು ಹಿಡಿಯಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ.

ಕೇಬಲ್, ಆಮೇಲೆ ಬ್ರಿಡ್ಜ್

ಮಳವಳ್ಳಿ ಕಡೆಯ ಹುಡುಗನೊಬ್ಬ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಊರೂರು ತಿರುಗಿ ರೆಕಾರ್ಡ್ ಮಾಡುತ್ತಾನೆ. ಉಬುಂಟು ಹಾಕಿದ ಲ್ಯಾಪ್‌ಟಾಪ್, ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ಕೂರಿಸಿದ ಒಂದು ಎನ್‌ಕ್ಲೋಷರ್ (ಹೊರಡಬ್ಬಿ). ಒಂದು ಸಂಜೆ ಫೋನ್ ಬಂತು.

“ಅಣ್ಣಾ, ರಾತ್ರಿಯೆಲ್ಲಾ ಕೂತು ರೆಕಾರ್ಡ್ ಮಾಡ್ಕಂಡಿದ್ದು ಕಣಣ್ಣಾ. ಅರ್ಧ ಕಾಪಿ ಆಯ್ತದೆ, ಆಮೇಲೆ ಡಿಸ್ಕೇ ಕಾಣಾಕಿಲ್ಲ. ಫಾರ್ಮ್ಯಾಟ್ ಹೊಡ್ದು ನೋಡ್ಲಾ?”

“ಏನೂ ಮುಟ್ಟಬೇಡ ಕಣಪ್ಪಾ. ಕೇಬಲ್ ಯಾವುದು ಹಾಕಿದ್ದೀಯ?”

“ಫೋನ್ ಚಾರ್ಜರ್‌ದು ಅಣ್ಣಾ. ಡಿಸ್ಕ್ ಜೊತೆ ಬಂದಿದ್ದು ಮನೇಲೇ ಬಿಟ್ ಬಂದೆ.”

‘ಎಲ್‌ಎಸ್‌ಯುಎಸ್‌ಬಿ -ಟಿ’ ಕೊಡಿಸಿ ನೋಡಿದರೆ ಡ್ರೈವ್ ಇರುವ ಸಾಲಿನ ಕೊನೆಯಲ್ಲಿ 480ಎಂ ಎಂದಿತ್ತು. ಅಂದರೆ ಯುಎಸ್‌ಬಿ 2.0 ವೇಗ, ಸೆಕೆಂಡಿಗೆ 480 ಮೆಗಾಬಿಟ್. ಒಳ್ಳೆಯ ಎಸ್‌ಎಸ್‌ಡಿ, ಒಳ್ಳೆಯ ಪೋರ್ಟ್ ಇದ್ದಾಗ ಅಲ್ಲಿ 5000ಎಂ ಅಥವಾ 10000ಎಂ ಇರಬೇಕು. ಫೋನಿನ ಜೊತೆ ಬರುವ ಎಷ್ಟೋ ಸಿ ಟೈಪ್ ಕೇಬಲ್‌ಗಳಲ್ಲಿ ವೇಗದ ಜೋಡಿ ತಂತಿಗಳೇ ಇರುವುದಿಲ್ಲ. ಚಾರ್ಜಿಂಗಿಗೆ ಬೇಕಾದ ತಂತಿ, ಯುಎಸ್‌ಬಿ 2.0 ತಂತಿ ಅಷ್ಟೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಕೇಬಲ್ ಮೇಲೆ 5 ಅಥವಾ 10 ಗಿಗಾಬಿಟ್ ಎಂದು ಅಚ್ಚಾಗಿದ್ದರೆ ಒಳ್ಳೆಯದು, ಆದರೂ ನಂಬಬೇಕಾದ್ದು ಲಿನಕ್ಸ್ ತೋರಿಸುವ ಸಂಖ್ಯೆಯನ್ನೇ. ಉದ್ದದ ಕೇಬಲ್ ಬೇಡ, ಎಕ್ಸ್‌ಟೆನ್ಷನ್ ಬೇಡ. ಎ ಟೈಪ್ ಪ್ಲಗ್ ಇದ್ದರೆ ನಿಧಾನಕ್ಕೆ ಚುಚ್ಚಬೇಡಿ, ಒಂದೇ ಸಲ ಪೂರ್ತಿ ಒತ್ತಿ. ಹಿಂದಿನ ವೇಗದ ಪಿನ್ನುಗಳು ತಾಗುವ ಮೊದಲೇ ಮುಂದಿನವು ತಾಗಿ ಡ್ರೈವ್ 480ರಲ್ಲೇ ಉಳಿದುಬಿಡುವುದುಂಟು.

ಮಾರನೆಯ ದಿನ ಅವನು ಸರಿಯಾದ ಕೇಬಲ್ ಹಾಕಿದ. 10000ಎಂ ಬಂತು. ಚಿಕ್ಕ ಫೈಲುಗಳು ಸಲೀಸಾಗಿ ಬಂದವು. ಗಂಟೆಗಟ್ಟಲೆ ಉದ್ದದ ವೇವ್ ಫೈಲುಗಳಿಗೆ ಕೈಹಾಕಿದ ಕೂಡಲೇ ಮತ್ತೆ ರೀಸೆಟ್, ಈ ಸಲ ಯುಎಎಸ್ ಸಾಲುಗಳ ಜೊತೆಗೆ. ಒಂದರ ಹಿಂದೆ ಇನ್ನೊಂದು ತೊಂದರೆ ಅವಿತಿರುವುದು ಇಂಥ ಕೆಲಸದಲ್ಲಿ ಮಾಮೂಲು. ಮೊದಲನೆಯದು ಬಗೆಹರಿದರೂ ಎರರ್ ನಿಂತಿಲ್ಲ ಎಂದು ಮೊದಲ ರೋಗನಿರ್ಣಯವೇ ತಪ್ಪು ಅಂದುಕೊಳ್ಳಬಾರದು.

ಯುಎಎಸ್ ಎಂದರೆ ಯುಎಸ್‌ಬಿ ಮೇಲೆ ಸ್ಕಸಿ (ಡಿಸ್ಕಿನೊಡನೆ ಮಾತಾಡುವ ಭಾಷೆ) ಆಜ್ಞೆಗಳನ್ನು ಸರದಿಯಲ್ಲಿಟ್ಟು ಒಟ್ಟೊಟ್ಟಿಗೆ ಕಳಿಸುವ ಹೊಸ ಪದ್ಧತಿ. ಹಳೆಯದು ಯುಎಸ್‌ಬಿ-ಸ್ಟೋರೇಜ್: ಒಂದು ಆಜ್ಞೆ ಮುಗಿದ ಮೇಲೆ ಇನ್ನೊಂದು. ಡಬ್ಬಿಯೊಳಗಿನ ಬ್ರಿಡ್ಜ್ ಚಿಪ್ಪಿನ ಫರ್ಮ್‌ವೇರ್ (ಚಿಪ್ಪಿನೊಳಗಿನ ತಂತ್ರಾಂಶ) ಸರಿಯಿಲ್ಲದಿದ್ದರೆ, ಆಜ್ಞೆಗಳು ಮೇಲಿಂದ ಮೇಲೆ ಬಿದ್ದಾಗ ಅದು ಉತ್ತರ ಕೊಡದೆ ಮೂಕವಾಗುತ್ತದೆ. ವಿಂಡೋಸ್‌ನಲ್ಲಿ ಚೆನ್ನಾಗಿತ್ತಲ್ಲ ಎನ್ನುತ್ತಾರೆ. ಎರಡೂ ಕಡೆಯ ಡ್ರೈವರ್ ನಡೆದುಕೊಳ್ಳುವ ರೀತಿ ಬೇರೆ, ಹಾಗಾಗಿ ಆ ಮಾತಿನಿಂದ ಲಿನಕ್ಸ್ ಮೇಲೆ ಅಪವಾದ ಹೊರಿಸಲಾಗದು, ಡ್ರೈವ್ ಮೇಲೂ ಹೊರಿಸಲಾಗದು.

ಪರೀಕ್ಷೆ ಸುಲಭ. ‘ಎಲ್‌ಎಸ್‌ಯುಎಸ್‌ಬಿ’ ಎಂದರೆ ಡ್ರೈವಿನ ಸಾಲಿನಲ್ಲಿ ಐಡಿ ಎಂಬುದರ ಮುಂದೆ ನಾಲ್ಕು ಅಕ್ಷರ, ಕೋಲನ್, ಮತ್ತೆ ನಾಲ್ಕು ಅಕ್ಷರ ಕಾಣುತ್ತದೆ. ಅದನ್ನು ಬರೆದುಕೊಂಡು, ಕೊನೆಗೆ ಇನ್ನೊಂದು ಕೋಲನ್ ಹಾಕಿ ಸಣ್ಣಕ್ಷರದ ‘ಯು’ ಸೇರಿಸಿ. ಡ್ರೈವ್ ಅನ್‌ಮೌಂಟ್ ಮಾಡಿ ತೆಗೆದು, ಈ ಪದವನ್ನು ರೂಟ್ ಹಕ್ಕಿನಲ್ಲಿ ‘/ಸಿಸ್/ಮಾಡ್ಯೂಲ್/ಯುಎಸ್‌ಬಿ_ಸ್ಟೋರೇಜ್/ಪ್ಯಾರಾಮೀಟರ್ಸ್/ಕ್ವಿರ್ಕ್ಸ್’ ಕಡತಕ್ಕೆ ಬರೆಯಿರಿ. ‘ಎಕೋ’ ಹಾಕಿ ‘ಸುಡೊ ಟೀ’ಗೆ ಪೈಪ್ ಮಾಡಿದರೆ ಆಯಿತು. ಮತ್ತೆ ಚುಚ್ಚಿ, ‘ಎಲ್‌ಎಸ್‌ಯುಎಸ್‌ಬಿ -ಟಿ’ಯಲ್ಲಿ ಡ್ರೈವರ್ ಎಂಬಲ್ಲಿ ಯುಎಎಸ್ ಹೋಗಿ ಯುಎಸ್‌ಬಿ-ಸ್ಟೋರೇಜ್ ಬಂದಿದೆಯೇ ನೋಡಿ. ಬಂದಿದ್ದರೆ ದೊಡ್ಡ ಫೈಲ್ ಓದಿಸಿ.

ಹುಡುಗನ ಲಾಗ್ ಅಲ್ಲಿಗೆ ಶಾಂತವಾಯಿತು. ರೆಕಾರ್ಡಿಂಗ್ ಎಲ್ಲವೂ ಬೇರೊಂದು ಡಿಸ್ಕಿಗೆ ಇಳಿದವು.

ಹೀಗೆ ಬರೆದದ್ದು ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಕಾಯಂ ಬೇಕಿದ್ದರೆ ‘/ಇಟಿಸಿ/ಮಾಡ್‌ಪ್ರೋಬ್.ಡಿ’ ಒಳಗೆ ‘.ಕಾನ್ಫ್’ನಲ್ಲಿ ಮುಗಿಯುವ ಒಂದು ಕಡತ ಮಾಡಿ, ‘ಆಪ್ಷನ್ಸ್ ಯುಎಸ್‌ಬಿ-ಸ್ಟೋರೇಜ್ ಕ್ವಿರ್ಕ್ಸ್=’ ಎಂದು ಬರೆದು ಮುಂದೆ ಅದೇ ಪದ ಸೇರಿಸಿ. ಉಬುಂಟು, ಡೆಬಿಯನ್‌ನಲ್ಲಿ ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೂಡ ಓಡಿಸಿ. ಇದರಿಂದ ಕಳೆದುಕೊಳ್ಳುವುದೂ ಇದೆ: ಸಣ್ಣ ಸಣ್ಣ ಫೈಲುಗಳನ್ನು ಒಟ್ಟೊಟ್ಟಿಗೆ ಓದಿ ಬರೆಯುವ ವೇಗ ಇಳಿಯುತ್ತದೆ. ದೊಡ್ಡ ಆಡಿಯೊ, ವಿಡಿಯೊ ಇಟ್ಟುಕೊಳ್ಳುವವರಿಗೆ ಅದೇನೂ ದೊಡ್ಡ ನಷ್ಟವಲ್ಲ. ಡ್ರೈವಿನಿಂದಲೇ ಲಿನಕ್ಸ್ ಬೂಟ್ ಮಾಡುವವರು ಮಾತ್ರ ಬೇರೆ ಎನ್‌ಕ್ಲೋಷರ್ ಕೊಳ್ಳುವುದು ವಾಸಿ.

ಕರೆಂಟು, ನಿದ್ದೆ, ಬಿಸಿಲು

ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂದು ನಿಯಮ. ಎನ್‌ವಿಎಂಇ ಎಸ್‌ಎಸ್‌ಡಿ ಸುಮ್ಮನಿದ್ದಾಗ ಇದರೊಳಗೇ ಇರುತ್ತದೆ. ಬರೆಯಲು ಶುರುಮಾಡಿದಾಗ ಮೀರಬಹುದು. ಅದಕ್ಕೇ ಚುಚ್ಚಿದಾಗ ಕಾಣುತ್ತದೆ, ಓದುವಾಗ ಸರಿಯಿರುತ್ತದೆ, ಬರೆಯುವಾಗ ಮಾತ್ರ ಬೀಳುತ್ತದೆ. ಈ ಲಕ್ಷಣ ಕಂಡರೆ ಹಬ್ ಕಿತ್ತುಹಾಕಿ. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಮದರ್‌ಬೋರ್ಡಿನ ಹಿಂದಿನ ಪೋರ್ಟಿಗೆ ಹಾಕಿ. ಮುಂದಿನದಕ್ಕೆ ಒಳಗೊಂದು ಉದ್ದನೆಯ ವೈರ್ ಹೋಗಿರುತ್ತದೆ. ಹಬ್ ಬೇಕೇ ಬೇಕಾದರೆ ತನ್ನದೇ ಅಡಾಪ್ಟರ್ ಇರುವ ಹಬ್. ರಾಸ್ಪ್‌ಬೆರಿ ಪೈ 4ರಲ್ಲಿ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಒಟ್ಟು 1.2 ಆಂಪಿಯರ್ ಅಷ್ಟೇ. ಪೈ 5ಕ್ಕೆ 5 ಆಂಪಿಯರ್ ಅಡಾಪ್ಟರ್ ಇಲ್ಲದಿದ್ದರೆ 600 ಮಿಲಿಆಂಪಿಯರಿಗೆ ಮಿತಿ, ಇದ್ದರೆ 1.6 ಆಂಪಿಯರ್. ಶಾಲೆಗಳಲ್ಲಿ ಪೈ ಮೇಲೆ ಎಸ್‌ಎಸ್‌ಡಿ ಹಾಕುವವರು ಇದನ್ನು ಮೊದಲು ನೋಡಬೇಕು.

ಕರೆಂಟ್ ಹೋಗಿ ಬರುವ ಊರುಗಳಲ್ಲಿ ಇನ್ನೊಂದು ಕಾಟ. ಡೆಸ್ಕ್‌ಟಾಪ್ ಯುಪಿಎಸ್ ಇಲ್ಲದೆ ದಪ್ಪನೆ ಆರಿದರೆ, ಮೆಮೊರಿಯಲ್ಲಿ ಬರೆಯಲು ಕಾಯುತ್ತಿದ್ದ ಡೇಟಾ ಡ್ರೈವ್ ಸೇರಿಯೇ ಇರುವುದಿಲ್ಲ. ಇದು ಎಸ್‌ಎಸ್‌ಡಿ ದೋಷವಲ್ಲ, ಫೈಲ್ ಸಿಸ್ಟಮ್ಮಿಗಾದ ಪೆಟ್ಟು. ಅದರ ಚಿಕಿತ್ಸೆ ಕೆಳಗಿದೆ.

ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಾಗ, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಮಾತ್ರ ಡ್ರೈವ್ ಕಾಣೆಯಾದರೆ ಆಟೊಸಸ್ಪೆಂಡ್ (ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ತಾನಾಗಿ ಮಲಗಿಸುವ ಏರ್ಪಾಡು) ಮೇಲೆ ಅನುಮಾನಪಡಿ. ಬೂಟ್ ಸಾಲಿಗೆ ‘ಯುಎಸ್‌ಬಿಕೋರ್.ಆಟೊಸಸ್ಪೆಂಡ್=-1’ ಸೇರಿಸಿ ಒಂದೆರಡು ದಿನ ನೋಡಿ. ಬ್ಯಾಟರಿ ಉಳಿಸುವ ಟಿಎಲ್‌ಪಿ ಹಾಕಿಕೊಂಡವರು ಅದರಲ್ಲೂ ಈ ಡ್ರೈವನ್ನು ಹೊರಗಿಡಬೇಕು.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಂಡ್ಯದ ಶೀಟ್ ಹಾಕಿದ ಅಂಗಡಿಯಲ್ಲಿ ಕೂತು ಮದುವೆ ವಿಡಿಯೊ ಕಾಪಿ ಮಾಡುವವರಿಗೆ ಬಿಸಿಯ ಮಾತು ಹೇಳಲೇಬೇಕು. ಎನ್‌ವಿಎಂಇ ಡಬ್ಬಿಯ ಲೋಹದ ಹೊದಿಕೆಯೇ ಅದರ ಹೀಟ್‌ಸಿಂಕ್. ಮೇಲೆ ರಬ್ಬರ್ ಕವಚ ಹಾಕಿ, ಅದರ ಮೇಲೆ ಫೈಲು ಪುಸ್ತಕ ಪೇರಿಸಿದರೆ ಬಿಸಿ ಹೋಗುವುದೆಲ್ಲಿಗೆ? ಕಂಟ್ರೋಲರ್ ಮೊದಲು ವೇಗ ಇಳಿಸುತ್ತದೆ, ಆಮೇಲೂ ಬಿಸಿ ಏರಿದರೆ ಬ್ರಿಡ್ಜ್ ಚಿಪ್ಪೇ ಬೀಳಬಹುದು. ಕವಚ ತೆಗೆದು, ಫ್ಯಾನ್ ಗಾಳಿಗೆ ಇಟ್ಟು ನೋಡಿ. ಆದರೆ ಮೊದಲು ಓಡಿ ಆಮೇಲೆ ತೆವಳುವುದೆಲ್ಲ ಬಿಸಿಯಿಂದಲೇ ಅಲ್ಲ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಬರಹ ಮೊದಲು ಎಸ್‌ಎಲ್‌ಸಿ ಕ್ಯಾಶ್ ಎಂಬ ವೇಗದ ಜಾಗಕ್ಕೆ ಬೀಳುತ್ತದೆ. ಅದು ತುಂಬಿದ ಮೇಲೆ ನಿಜವಾದ ವೇಗ ಹೊರಬೀಳುತ್ತದೆ. ಲಾಗ್‌ನಲ್ಲಿ ಎರರ್ ಇಲ್ಲದಿದ್ದರೆ ಅದು ದೋಷವಲ್ಲ.

ಡ್ರೈವನ್ನೇ ಕೇಳುವುದು

ಡ್ರೈವ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಲೆಕ್ಕವನ್ನು (ಸ್ಮಾರ್ಟ್) ಓದಲು ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿಕೊಳ್ಳಿ. ಒಳಗಿರುವುದು ಸಾಟಾ (ಹಳೆಯ ಬಗೆಯ ಕೊಂಡಿ) ಎಸ್‌ಎಸ್‌ಡಿ ಆದರೆ ‘ಸುಡೊ ಸ್ಮಾರ್ಟ್‌ಸಿಟಿಎಲ್ -ಎ -ಡಿ ಸ್ಯಾಟ್ /ಡೆವ್/ಎಸ್‌ಡಿಬಿ’. ಎನ್‌ವಿಎಂಇ ಆದರೆ ‘-ಡಿ’ ಮುಂದೆ ಬ್ರಿಡ್ಜ್ ಚಿಪ್ಪಿಗೆ ತಕ್ಕಂತೆ ಎಸ್‌ಎನ್‌ಟಿಜೆಮೈಕ್ರಾನ್, ಎಸ್‌ಎನ್‌ಟಿಎಎಸ್‌ಮೀಡಿಯಾ, ಎಸ್‌ಎನ್‌ಟಿರಿಯಲ್‌ಟೆಕ್ ಇವುಗಳಲ್ಲಿ ಹೊಂದುವುದನ್ನು ಹಾಕಬೇಕು. ಯಾವುದಕ್ಕೂ ಉತ್ತರ ಬಾರದಿದ್ದರೆ ಬ್ರಿಡ್ಜ್ ಈ ಪ್ರಶ್ನೆಯನ್ನು ಒಳಗೆ ಬಿಡುತ್ತಿಲ್ಲ. ಎಸ್‌ಎಸ್‌ಡಿ ಬಿಚ್ಚಿ ನೇರವಾಗಿ ಮದರ್‌ಬೋರ್ಡಿಗೆ ಹಾಕಿ ನೋಡಬೇಕಾಗುತ್ತದೆ.

ವರದಿಯಲ್ಲಿ ಬರುವ ‘ಪಾಸ್ಡ್’ ನೋಡಿ ಸಮಾಧಾನಪಡಬೇಡಿ. ಸಾಟಾದಲ್ಲಿ ಐಡಿ 5 ಎಂದಿರುವ ಸಾಲು ಬದಲಿ ಜಾಗಕ್ಕೆ ಹೋದ ಬ್ಲಾಕುಗಳ ಲೆಕ್ಕ, 187 ಸರಿಪಡಿಸಲಾಗದ ಎರರ್‌ಗಳದ್ದು. ಐಡಿ 199 ಎಂದಿರುವ ಸಾಲು ಡ್ರೈವಿಗೂ ಬ್ರಿಡ್ಜಿಗೂ ನಡುವಿನ ಸಾಟಾ ಕೊಂಡಿಯಲ್ಲಿ ಕೆಟ್ಟುಹೋದ ಸಂದೇಶಗಳ ಎಣಿಕೆ. ಅದು ಎಂದೂ ಇಳಿಯುವುದಿಲ್ಲ, ಹಾಗಾಗಿ ಇವತ್ತು ಎಷ್ಟಿದೆ ಎಂಬುದಕ್ಕಿಂತ ಕಾಪಿ ಮಾಡಿದ ಮೇಲೆ ಏರಿತೇ ಎಂಬುದು ಮುಖ್ಯ. ಏರುತ್ತಿದ್ದರೆ ಡ್ರೈವ್ ಬಿಚ್ಚಿ, ಚಿನ್ನದ ಬಣ್ಣದ ಪಿನ್ನುಗಳನ್ನು ಒರೆಸಿ ಮತ್ತೆ ಗಟ್ಟಿಯಾಗಿ ಕೂರಿಸಿ. ಎಲ್ಲ ಕಂಪನಿಗಳೂ ಎಲ್ಲ ಸಾಲುಗಳನ್ನು ಕೊಡುವುದಿಲ್ಲ.

ಎನ್‌ವಿಎಂಇಯಲ್ಲಿ ಓದು ಸುಲಭ. ‘ಕ್ರಿಟಿಕಲ್ ವಾರ್ನಿಂಗ್’ ಸೊನ್ನೆ ಇರಬೇಕು. 0x08 ಇದ್ದರೆ ಡ್ರೈವ್ ತಾನೇ ರೀಡ್ ಓನ್ಲಿ ಸ್ಥಿತಿಗೆ ಹೋಗಿದೆ, ಯಾವ ಆಜ್ಞೆಯಿಂದಲೂ ಬರೆಯಲಾಗದು; ಓದಿಸಿಕೊಳ್ಳುವುದನ್ನೆಲ್ಲ ಇವತ್ತೇ ಓದಿಸಿಕೊಳ್ಳಿ. ‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಏರುತ್ತಿದ್ದರೆ ಫ್ಲ್ಯಾಶ್ ನಿಜವಾಗಿ ಸೋಲುತ್ತಿದೆ. ‘ಅನ್‌ಸೇಫ್ ಶಟ್‌ಡೌನ್ಸ್’ ಮಾತ್ರ ಜಾಸ್ತಿಯಿದ್ದರೆ ಹೇಳದೆ ಕೇಳದೆ ಕಿತ್ತದ್ದರ ಲೆಕ್ಕ ಅದು.

ಆಮೇಲೆ ಪೂರ್ತಿ ಓದಿಸಿ: ‘ಡಿಡಿ’ಗೆ ‘ಐಎಫ್’ ಆಗಿ ಡ್ರೈವ್, ‘ಒಎಫ್’ ಆಗಿ ‘/ಡೆವ್/ನಲ್’, ‘ಬಿಎಸ್=4ಎಂ’ ಕೊಡಿ (ಎಂ ದೊಡ್ಡಕ್ಷರ). ಇದು ಏನನ್ನೂ ಬರೆಯುವುದಿಲ್ಲ. ಒಎಫ್ ಮುಂದೆ ತಪ್ಪಿ ಬೇರೆ ಡ್ರೈವಿನ ಹೆಸರು ಬಿದ್ದರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ, ಎಂಟರ್ ಒತ್ತುವ ಮೊದಲು ಮತ್ತೊಮ್ಮೆ ಓದಿ. ಟ್ರಿಮ್ ಆದ (ಇನ್ನು ಬೇಡವೆಂದು ಎಸ್‌ಎಸ್‌ಡಿಗೆ ತಿಳಿಸಿದ) ಖಾಲಿ ಜಾಗವನ್ನು ಎಸ್‌ಎಸ್‌ಡಿ ಫ್ಲ್ಯಾಶ್ ಮುಟ್ಟದೆಯೇ ಸೊನ್ನೆ ಎಂದು ಹೇಳಿಬಿಡಬಹುದು. ಹಾಗಾಗಿ ಈ ಪರೀಕ್ಷೆ ನಂಬಲರ್ಹವಾಗುವುದು ಡೇಟಾ ತುಂಬಿದ ಜಾಗಕ್ಕೆ ಮಾತ್ರ.

ಈಗ ಫೈಲ್ ಸಿಸ್ಟಮ್

ಲಾಗ್ ಶುದ್ಧವಾಗಿದ್ದು, ಸ್ಮಾರ್ಟ್ ಚೆನ್ನಾಗಿದ್ದು, ಆದರೂ ಮೌಂಟ್ ಆಗುತ್ತಿಲ್ಲ ಅಥವಾ ರೀಡ್ ಓನ್ಲಿ ಎನ್ನುತ್ತಿದೆಯೆಂದರೆ ಈಗ ಇದರ ಸರದಿ. ಬೇಕಾದ ಫೈಲುಗಳಿದ್ದರೆ ಮೊದಲು ರೀಡ್ ಓನ್ಲಿಯಾಗಿಯೇ ಮೌಂಟ್ ಮಾಡಿ ಹೊರಗೆ ತೆಗೆಯಿರಿ. ಲಿನಕ್ಸ್‌ನ ಮಾಮೂಲು ಫೈಲ್ ಸಿಸ್ಟಮ್ ಎಕ್ಸ್ಟ್4 ಆದರೆ ‘-ಒ ಆರ್‌ಒ,ನೋಲೋಡ್’ ಕೊಟ್ಟರೆ ಜರ್ನಲ್ (ಬದಲಾವಣೆಗಳನ್ನು ಮೊದಲು ಗುರುತು ಹಾಕಿಕೊಳ್ಳುವ ಜಾಗ) ಕೂಡ ಮುಟ್ಟುವುದಿಲ್ಲ. ಆಮೇಲೆ ಅನ್‌ಮೌಂಟ್ ಮಾಡಿ ‘ಇ2ಎಫ್‌ಎಸ್‌ಸಿಕೆ -ಎಫ್ -ಎನ್’; ಇದು ಬರೀ ನೋಡಿ ಹೇಳುತ್ತದೆ. ಎರಡು ಮೂರು ಸಣ್ಣ ದೂರು ಇದ್ದರೆ ‘-ಎನ್’ ಬಿಟ್ಟು ಓಡಿಸಿ. ಪುಟಗಟ್ಟಲೆ ಬಂದರೆ ನಿಲ್ಲಿಸಿ, ಮೊದಲು ಇಡೀ ಡ್ರೈವಿನ ಇಮೇಜ್ (ಒಂದೇ ಕಡತದಲ್ಲಿ ಯಥಾಪ್ರತಿ) ತೆಗೆಯಿರಿ.

ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ, ಕಿತ್ತರೆ ಪೆಟ್ಟು ಬೇಗ ಬೀಳುತ್ತದೆ; ಎಕ್ಸ್‌ಫ್ಯಾಟ್‌ಪ್ರಾಗ್ಸ್‌ನ ‘ಎಫ್‌ಎಸ್‌ಸಿಕೆ.ಎಕ್ಸ್‌ಫ್ಯಾಟ್’ ಬಳಸಿ. ಎನ್‌ಟಿಎಫ್‌ಎಸ್ ಆಗಿದ್ದು ‘ವಾಲ್ಯೂಮ್ ಈಸ್ ಡರ್ಟಿ’ ಎಂದರೆ ವಿಂಡೋಸ್ ಅದನ್ನು ಸರಿಯಾಗಿ ಮುಚ್ಚಿಲ್ಲ. ಪಕ್ಕದ ಮನೆಯ ವಿಂಡೋಸ್ ಯಂತ್ರಕ್ಕೆ ಹಾಕಿ ‘ಸಿಎಚ್‌ಕೆಡಿಎಸ್‌ಕೆ /ಎಫ್’ ಓಡಿಸುವುದೇ ಸರಿಯಾದ ಮಾರ್ಗ, ಬಲವಂತದ ಮೌಂಟ್ ಅಲ್ಲ. ‘ಪರ್ಮಿಷನ್ ಡಿನೈಡ್’ ಎಂದರೆ ಅದು ದೋಷವೇ ಅಲ್ಲ, ಫೋಲ್ಡರಿನ ಒಡೆಯ ಬೇರೆ ಬಳಕೆದಾರ ಅಷ್ಟೆ.

ಲಾಗ್‌ನಲ್ಲಿ ಮೀಡಿಯಂ ಎರರ್ ಖಚಿತವಾಗಿದ್ದರೆ ಫೈಲ್ ಮ್ಯಾನೇಜರಿನಿಂದ ಕಾಪಿ ಮಾಡುತ್ತಾ ಕೂರಬೇಡಿ. ಉಬುಂಟುವಿನಲ್ಲಿ ‘ಜಿಡಿಡಿರೆಸ್ಕ್ಯೂ’ ಎಂಬ ಪ್ಯಾಕೇಜಿನಲ್ಲಿ ಡಿಡಿರೆಸ್ಕ್ಯೂ ಸಿಗುತ್ತದೆ. ‘ಡಿಡಿರೆಸ್ಕ್ಯೂ -ಡಿ’ ಎಂದು ಡ್ರೈವ್, ಇಮೇಜ್ ಕಡತ, ಮ್ಯಾಪ್ ಕಡತ ಮೂರನ್ನೂ ಕೊಡಿ. ಇಮೇಜ್ ಇಡುವ ಡಿಸ್ಕಿನಲ್ಲಿ ಕೆಟ್ಟ ಡ್ರೈವಿನ ಪೂರ್ತಿ ಗಾತ್ರದಷ್ಟು ಜಾಗ ಇರಬೇಕು. ಮ್ಯಾಪ್ ಕಡತ ಮರೆಯಬೇಡಿ: ನಡುವೆ ಡ್ರೈವ್ ಬಿದ್ದರೂ ಕಿತ್ತು ಚುಚ್ಚಿ, ಅದು ಹೊಸ ಹೆಸರಿನಲ್ಲಿ ಬಂದಿದ್ದರೆ ಹೆಸರು ತಿದ್ದಿ, ಅದೇ ಆಜ್ಞೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಸುಲಭದ್ದೆಲ್ಲ ಬಂದ ಮೇಲೆ ‘-ಆರ್3’ ಸೇರಿಸಿ ಉಳಿದದ್ದಕ್ಕೆ ಮತ್ತೆ ಯತ್ನಿಸಿ. ರಿಪೇರಿ ಏನಿದ್ದರೂ ಆ ಇಮೇಜಿನ ಪ್ರತಿಯ ಮೇಲೆ.

ಎರಡು ಸಾವಿರ ರೂಪಾಯಿಗೆ 16 ಟಿಬಿ ಎಂದು ಆನ್‌ಲೈನ್‌ನಲ್ಲಿ ತರಿಸಿದ ಡ್ರೈವ್ ಆದರೆ ಮೇಲಿನ ಯಾವುದೂ ಬೇಡ. ಅದು ಸುಳ್ಳು ಗಾತ್ರ ಬರೆದ ಫ್ಲ್ಯಾಶ್. ಇರುವಷ್ಟು ಜಾಗ ತುಂಬಿದ ಮೇಲೆ ಬರೆದದ್ದು ಉಳಿಯುವುದಿಲ್ಲ, ಹಳೆಯದನ್ನೂ ಕೆಡಿಸಬಹುದು. ಅನುಮಾನವಿದ್ದರೆ ಖಾಲಿ ಡ್ರೈವಿನ ಮೇಲೆ ‘ಎಫ್3ರೈಟ್’, ‘ಎಫ್3ರೀಡ್’ ಓಡಿಸಿ. ನಿಜವಾದ ಗಾತ್ರ ಹೊರಬರುತ್ತದೆ.

ಎಲ್ಲ ನೋಡಿ ಡ್ರೈವೇ ಕೆಟ್ಟಿದೆ ಎಂದಾದರೆ, ಸ್ಮಾರ್ಟ್ ವರದಿಯನ್ನೂ ಮೀಡಿಯಂ ಎರರ್ ಇರುವ ಲಾಗ್ ಸಾಲುಗಳನ್ನೂ ಕಡತಕ್ಕೆ ಉಳಿಸಿ, ಬಿಲ್ ಜೊತೆ ವಾರಂಟಿಗೆ ಕೊಡಿ. ಸಾಮಾನ್ಯವಾಗಿ ಅವರು ಡ್ರೈವ್ ಬದಲಿಸಿ ಕೊಡುತ್ತಾರೆ, ಡೇಟಾ ತೆಗೆದುಕೊಡುವುದಿಲ್ಲ. ಕೆಟ್ಟ ಡ್ರೈವನ್ನು ಅಳಿಸಿ ಕಳಿಸುವುದು ಎಷ್ಟೋ ಸಲ ಆಗುವುದೇ ಇಲ್ಲ. ಆದ್ದರಿಂದ ಬದಲಿ ಡ್ರೈವ್ ಬಂದ ದಿನವೇ, ಏನನ್ನೂ ತುಂಬುವ ಮೊದಲು, ಡಿಸ್ಕ್ಸ್ ಎಂಬ ಆ್ಯಪಿನಲ್ಲಿ ಎಕ್ಸ್ಟ್4 ಮಾಡುವಾಗ ಪಾಸ್‌ವರ್ಡ್ ಹಾಕುವ ಲಕ್ಸ್ ಆಯ್ಕೆಗೆ ಟಿಕ್ ಹಾಕಿ.